ಕಾರಣ ಹೇಳದವರು ಕಾರಣ ಕೇಳುವಾಗ

ವಿದೇಶ ಪ್ರಯಾಣದ ಅರ್ಜಿ ನಮೂನೆಗಳಲ್ಲಿ ಬಹುತೇಕ ಎಲ್ಲೆಡೆ ಕಂಡುಬರುವ ಪ್ರಶ್ನೆಯೊಂದಿದೆ: ‘ನಿಮಗೆ ಹಿಂದೆ ಎಂದಾದರೂ ವೀಸಾ ನಿರಾಕರಿಸಲಾಗಿದೆಯೇ?’ ‘ಇಲ್ಲ’ ಎಂದವರು ಮುಂದಿನ ಪ್ರಶ್ನೆಗೆ ಸಾಗುತ್ತಾರೆ. ‘ಹೌದು’ ಎಂದವರ ಮುಂದೆ ಖಾಲಿ ಚೌಕವೊಂದು ತೆರೆದುಕೊಂಡು ‘ವಿವರಿಸಿ’ ಎಂದು ಆಜ್ಞಾಪಿಸುತ್ತದೆ. ಒಮ್ಮೆ ನಿರಾಕರಣೆಗೆ ಗುರಿಯಾಗಿ ಮತ್ತೆ ಅರ್ಜಿ ಸಲ್ಲಿಸಲು ಕುಳಿತ ಸಾಮಾನ್ಯ ಮನುಷ್ಯನ ಸಂಕಟ ಆರಂಭವಾಗುವುದೇ ಆ ಚೌಕದಲ್ಲಿ. ಏಕೆಂದರೆ ಅನೇಕ ಸಂದರ್ಭಗಳಲ್ಲಿ, ನಿರಾಕರಿಸಿದವರು ಕಾರಣವನ್ನು ಆತನಿಗೆ ತಿಳಿಸಿಯೇ ಇರುವುದಿಲ್ಲ.

ಇದು ಮೈಸೂರಿಗೆ ದೂರದ ವಿಷಯವಲ್ಲ. ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ ಮೊದಲಾದ ಬಡಾವಣೆಗಳಲ್ಲಿ ಮಕ್ಕಳೆಲ್ಲ ಹೊರದೇಶಗಳಲ್ಲಿದ್ದು ಹಿರಿಯ ದಂಪತಿಗಳಷ್ಟೇ ಉಳಿದಿರುವ ಮನೆಗಳು ಹಲವಾರು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವವರ ಮಾತುಕತೆಯಲ್ಲಿ ಸಕ್ಕರೆ ಕಾಯಿಲೆ ಮತ್ತು ಪಿಂಚಣಿ ಪರಿಷ್ಕರಣೆಯ ನಂತರದ ಸ್ಥಾನ ವೀಸಾಕ್ಕೇ ಸಲ್ಲಬೇಕು. ಮಗಳ ಬಾಣಂತನ, ಮಗನ ಗೃಹಪ್ರವೇಶ, ಮೊಮ್ಮಗುವಿನ ನಾಮಕರಣ ಇವೆಲ್ಲ ಈಗ ದೂತಾವಾಸದ ಅಧಿಕಾರಿಯೊಬ್ಬರ ಅನುಮತಿಯನ್ನು ಅವಲಂಬಿಸಿರುವ ಕುಟುಂಬ ಕಾರ್ಯಗಳಾಗಿವೆ. ಹಾಗೆ ನೋಡಿದರೆ ಪಾಸ್‌ಪೋರ್ಟ್ ಪಡೆಯುವುದು ಇಂದು ಸುಲಭವೇ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ ದೇಶದಲ್ಲಿ ಮೊದಲು ಆರಂಭವಾದದ್ದು 2017ರ ಜನವರಿ 25ರಂದು, ಮೈಸೂರು ಮತ್ತು ಗುಜರಾತಿನ ದಾಹೋದ್ ನಗರಗಳಲ್ಲಿ. ಪಾಸ್‌ಪೋರ್ಟ್ ಮನೆಬಾಗಿಲಿಗೆ ಬಂದಿದೆ. ಆದರೆ ಒಂದು ನಮ್ಮ ಸರ್ಕಾರ ನಮಗೆ ಸಲ್ಲಿಸಬೇಕಾದ ಸೇವೆ, ಇನ್ನೊಂದು ಪರಕೀಯ ಸರ್ಕಾರ ತೋರಬಹುದಾದ ಔದಾರ್ಯ. ಎರಡರ ನಡುವಿನ ಅಂತರ ಮೈಸೂರಿನಿಂದ ಚೆನ್ನೈಗಿರುವ ಅಂತರಕ್ಕಿಂತ ದೊಡ್ಡದು.

ಅಮೆರಿಕದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿನ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಪ್ರವಾಸಿ ವೀಸಾ ಕೋರುವ ಪ್ರತಿಯೊಬ್ಬನೂ ಅಲ್ಲಿ ಶಾಶ್ವತವಾಗಿ ನೆಲೆಸಲು ಬರುತ್ತಿರುವವನೆಂದೇ ಮೊದಲು ಭಾವಿಸಬೇಕು. ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಅರ್ಜಿದಾರನದು. ಸಂದರ್ಶನ ಕೆಲವೇ ನಿಮಿಷಗಳದ್ದು. ಒಪ್ಪಿಗೆಯಾಗದಿದ್ದರೆ ಕೈಗೆ ಬರುವುದು ಮೊದಲೇ ಅಚ್ಚಾದ ಕಾಗದ. ಅದರಲ್ಲಿ ಕಲಮಿನ ಸಂಖ್ಯೆ ಇರುತ್ತದೆ, ಆ ವ್ಯಕ್ತಿಯ ವಿಷಯದಲ್ಲಿ ಕೊರತೆಯೇನು ಕಂಡಿತೆಂಬುದು ಇರುವುದಿಲ್ಲ. ಮೇಲ್ಮನವಿಗೆ ಅವಕಾಶವಿಲ್ಲ. ದೂತಾವಾಸದ ಇಂಥ ತೀರ್ಮಾನಗಳನ್ನು ಸಾಮಾನ್ಯವಾಗಿ ಪ್ರಶ್ನಿಸಲಾಗದೆಂಬ ನಿಲುವನ್ನು ಅಲ್ಲಿನ ಸುಪ್ರೀಂ ಕೋರ್ಟು 2024ರಲ್ಲಿಯೂ ಪುನರುಚ್ಚರಿಸಿದೆ. ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ, ಮಾರನೆಯ ದಿನವೇ ಹಾಕಬಹುದು. ಆದರೆ ಮತ್ತೆ 185 ಡಾಲರ್ ಶುಲ್ಕ ತೆರಬೇಕು. ಮೊದಲು ಕಟ್ಟಿದ್ದು ಹಿಂದಿರುಗುವುದಿಲ್ಲ.

ನಿರಾಕರಣೆಯ ನೋವು ಅಷ್ಟಕ್ಕೇ ಮುಗಿಯುವಂತಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಅದು ಆ ಮನುಷ್ಯನನ್ನು ಜೀವಮಾನವಿಡೀ ಹಿಂಬಾಲಿಸುತ್ತದೆ. ಅಮೆರಿಕದ ಡಿಎಸ್-160 ನಮೂನೆ ಆ ದೇಶದ ಹಳೆಯ ನಿರಾಕರಣೆಯನ್ನು ಕೇಳುತ್ತದೆ. ಬ್ರಿಟನ್, ಕೆನಡಾ ಹಾಗೂ ಆಸ್ಟ್ರೇಲಿಯಾಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇರೆ ಯಾವುದೇ ದೇಶ ನಿರಾಕರಿಸಿದ್ದರೂ ಹೇಳಿರೆಂದು ಕೇಳುತ್ತವೆ. ಹೀಗೆ ಎರಡು ದಶಕಗಳ ಹಿಂದೆ ಚೆನ್ನೈಯ ಕಿಂಡಿಯೊಂದರಲ್ಲಿ ಮೂರು ನಿಮಿಷಗಳಲ್ಲಿ ನಡೆದದ್ದು ಇಂದು ಲಂಡನ್ನಿಗೆ ಹೋಗಬಯಸುವವರ ಅರ್ಜಿಯಲ್ಲೂ ನಮೂದಾಗಬೇಕು. ಶಿಕ್ಷೆ ಅನುಭವಿಸಿದ ಅಪರಾಧಿಗೂ ಕೆಲವು ದೇಶಗಳಲ್ಲಿ ಕಾಲಾನಂತರದ ವಿಮೋಚನೆಯುಂಟು. ವೀಸಾ ಸಿಗದವನಿಗೆ ಅದಿಲ್ಲ.

ಇಲ್ಲಿಯೇ ನಮ್ಮ ಊರುಗಳ ಟ್ರಾವೆಲ್ ಏಜೆಂಟರ ಪ್ರವೇಶವಾಗುತ್ತದೆ. ‘ಹಳೆಯ ಪಾಸ್‌ಪೋರ್ಟಿನ ಅವಧಿ ಮುಗಿದಿದೆಯಲ್ಲ ಸ್ವಾಮಿ, ಹೊಸದರಲ್ಲಿ ಏನೂ ಇಲ್ಲ, ‘ಇಲ್ಲ’ ಅಂತ ಹಾಕಿಬಿಡೋಣ’ ಎಂಬ ಸಲಹೆಯನ್ನು ನಾನು ಸ್ವತಃ ಕೇಳಿದ್ದೇನೆ. ಇದಕ್ಕಿಂತ ಅಪಾಯಕಾರಿಯಾದ ಸಲಹೆ ಮತ್ತೊಂದಿಲ್ಲ. ಹಿಂದೆ ನಿರಾಕರಣೆಯ ಗುರುತಾಗಿ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಮೊಹರು ಒತ್ತುತ್ತಿದ್ದ ಕಾಲವೊಂದಿತ್ತು. ಪುಸ್ತಕ ಬದಲಾದರೆ ಕಳಂಕವೂ ಹೋಗುತ್ತದೆಂಬ ನಂಬಿಕೆ ಬಹುಶಃ ಆ ಕಾಲದ್ದು. ಈಗ ದಾಖಲೆಯಿರುವುದು ಪುಸ್ತಕದಲ್ಲಲ್ಲ, ಬೆರಳಚ್ಚಿನಲ್ಲಿ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳು ಇಂಥ ಮಾಹಿತಿಯನ್ನು ಪರಸ್ಪರ ಹೋಲಿಸಿ ನೋಡುವ ಏರ್ಪಾಡು ಮಾಡಿಕೊಂಡಿವೆ.

ಮುಚ್ಚಿಟ್ಟದ್ದು ಬಯಲಾದರೆ ಬರುವ ದಂಡನೆ ಮೂಲ ನಿರಾಕರಣೆಗಿಂತ ಬಹುಪಾಲು ಕಠೋರ. ಉದ್ದೇಶಪೂರ್ವಕ ಸುಳ್ಳಿಗೆ ಅಮೆರಿಕದ ಕಾನೂನಿನಲ್ಲಿ ಶಾಶ್ವತ ಅನರ್ಹತೆಯಿದೆ, ವಿನಾಯಿತಿ ದೊರೆಯುವುದು ದುರ್ಲಭ. ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ, ಆಸ್ಟ್ರೇಲಿಯಾ ಮೂರು ವರ್ಷ, ಬ್ರಿಟನ್ ಹತ್ತು ವರ್ಷಗಳವರೆಗೆ. ಹಳೆಯ ನಿರಾಕರಣೆ ‘ನೀನು ಹಿಂದಿರುಗುವೆಯೆಂಬ ನಂಬಿಕೆ ನನಗೆ ಬರಲಿಲ್ಲ’ ಎಂಬ ಅಭಿಪ್ರಾಯ ಮಾತ್ರ. ಪರಿಸ್ಥಿತಿ ಬದಲಾದರೆ ಅಭಿಪ್ರಾಯವೂ ಬದಲಾಗಬಹುದು. ಸುಳ್ಳು ಹಾಗಲ್ಲ. ಅದು ಚಾರಿತ್ರ್ಯದ ಮೇಲಿನ ತೀರ್ಪಾಗುತ್ತದೆ. ಏಜೆಂಟ್ ತುಂಬಿದ ಅರ್ಜಿಗೂ ಸಹಿ ಅರ್ಜಿದಾರನದೇ ಆದ್ದರಿಂದ ‘ನನಗೆ ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿ ಅಲ್ಲಿ ನಿಲ್ಲುವುದು ಕಷ್ಟ.

ಇನ್ನು, ಯಾವುದು ನಿರಾಕರಣೆ ಎಂಬುದೇ ಸಂದಿಗ್ಧವಾಗುವ ಪ್ರಸಂಗಗಳುಂಟು. 2006ರ ಫೆಬ್ರುವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಜಿ ನಿರ್ದೇಶಕ, ರಸಾಯನ ವಿಜ್ಞಾನಿ ಗೋವರ್ಧನ ಮೆಹ್ತಾ ಅವರಿಗೆ ಚೆನ್ನೈಯ ಅಮೆರಿಕ ದೂತಾವಾಸ ಕಚೇರಿಯಲ್ಲಿ ಆದ ಅನುಭವ ಹಲವು ಓದುಗರಿಗೆ ನೆನಪಿರಬಹುದು. ಫ್ಲಾರಿಡಾ ವಿಶ್ವವಿದ್ಯಾಲಯದ ಆಹ್ವಾನದ ಮೇಲೆ ಹೊರಟಿದ್ದ ಅವರ ಸಂಶೋಧನೆ ರಾಸಾಯನಿಕ ಅಸ್ತ್ರಗಳಿಗೆ ಸಂಬಂಧಿಸಿರಬಹುದೇ ಎಂಬ ಶಂಕೆ ಅಲ್ಲಿ ಎದ್ದಿತು. ಆಗ ಅವರು ಅಂತರರಾಷ್ಟ್ರೀಯ ವಿಜ್ಞಾನ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಅವರು ತಮಗಾದ ಅವಮಾನವನ್ನು ಬಹಿರಂಗವಾಗಿ ಹೇಳಿದಾಗ ದೇಶದಲ್ಲಿ ದೊಡ್ಡ ಕೋಲಾಹಲವಾಯಿತು. ಅಧ್ಯಕ್ಷ ಬುಷ್ ಭಾರತಕ್ಕೆ ಬರುವ ಹೊತ್ತು ಬೇರೆ. ರಾಯಭಾರ ಕಚೇರಿ ವಿಷಾದ ವ್ಯಕ್ತಪಡಿಸಿ, ವೀಸಾ ನಿರಾಕರಿಸಿರಲಿಲ್ಲ, ಹೆಚ್ಚಿನ ಮಾಹಿತಿಗಾಗಿ ಬಾಕಿಯಿಡಲಾಗಿತ್ತಷ್ಟೇ ಎಂದು ವಿವರಣೆ ನೀಡಿ, ಬೇಗನೆ ವೀಸಾ ಕೊಟ್ಟಿತು. ಮೆಹ್ತಾ ಅವರು ಪ್ರಯಾಣವನ್ನು ಕೈಬಿಟ್ಟರು.

ಸಾಮಾನ್ಯ ಅರ್ಜಿದಾರನಿಗೆ ಈ ‘ಬಾಕಿ’ ಎಂಬ ಶಬ್ದ ದೊಡ್ಡ ಬಲೆ. ಹೆಚ್ಚಿನ ದಾಖಲೆ ಕೇಳಿ 221(ಜಿ) ಕಲಮಿನಡಿ ಚೀಟಿ ಕೊಟ್ಟಾಗ ಅದನ್ನು ಯಾರೂ ನಿರಾಕರಣೆಯೆಂದು ಭಾವಿಸುವುದಿಲ್ಲ. ಆದರೆ ಅಮೆರಿಕದ ಕಾನೂನಿಗೆ ವೀಸಾ ಕೊಡುವುದು, ಕೊಡದಿರುವುದು ಎಂಬ ಎರಡೇ ಸ್ಥಿತಿಗಳು ಗೊತ್ತು. ಆದ್ದರಿಂದ ಅದೂ ತಾಂತ್ರಿಕವಾಗಿ ನಿರಾಕರಣೆಯೇ. ನಂತರ ವೀಸಾ ಸಿಕ್ಕಿದ್ದರೂ, ಮುಂದಿನ ಅರ್ಜಿಯಲ್ಲಿ ಅದನ್ನು ತಿಳಿಸಿ ‘ದಾಖಲೆ ಸಲ್ಲಿಸಿದ ಮೇಲೆ ವೀಸಾ ನೀಡಲಾಯಿತು’ ಎಂದು ಬರೆಯುವುದು ಕ್ಷೇಮ.

ಹೊರದೇಶದ ಪೌರತ್ವ ಪಡೆದ ಕನ್ನಡಿಗರನ್ನೂ ಈ ಪ್ರಶ್ನೆ ಬಿಡುವುದಿಲ್ಲ. ತರುಣನೊಬ್ಬ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅಮೆರಿಕದ ವಿದ್ಯಾರ್ಥಿ ವೀಸಾ ಸಿಗದೆ ಮೆಲ್ಬರ್ನಿಗೆ ಹೋಗಿ ಓದಿ, ನೌಕರಿ ಹಿಡಿದು, ಆಸ್ಟ್ರೇಲಿಯಾದ ಪ್ರಜೆಯಾದನೆಂದು ಇಟ್ಟುಕೊಳ್ಳಿ. ಈಗ ಆತನಿಗೆ ಅಮೆರಿಕಕ್ಕೆ ಅಲ್ಪಾವಧಿಯ ವೀಸಾ ಬೇಡ; 2009ರ ಜನವರಿಯಿಂದ ಕಡ್ಡಾಯವಾಗಿರುವ ‘ಎಸ್ಟಾ’ ಎಂಬ ವಿದ್ಯುನ್ಮಾನ ಪ್ರಯಾಣ ಅನುಮತಿ ಸಾಕು. ಆದರೆ ಎಸ್ಟಾ ನಮೂನೆಯೂ ಕೇಳುತ್ತದೆ, ಈಗಿನ ಅಥವಾ ಹಿಂದಿನ ಪಾಸ್‌ಪೋರ್ಟಿನ ಮೇಲೆ ಎಂದಾದರೂ ಅಮೆರಿಕದ ವೀಸಾ ನಿರಾಕರಿಸಲಾಗಿದೆಯೇ, ಎಲ್ಲಿ, ಯಾವಾಗ ಎಂದು. ಪೌರತ್ವ ಬದಲಾದರೂ ಇತಿಹಾಸ ಬದಲಾಗಲಿಲ್ಲ. ‘ಹೌದು’ ಎಂದ ಮಾತ್ರಕ್ಕೆ ಅನುಮತಿ ತಪ್ಪಿಹೋಗುತ್ತದೆಂದಿಲ್ಲ. ತಪ್ಪಿದರೆ ದೂತಾವಾಸದಲ್ಲಿ ವೀಸಾಕ್ಕೆ ಅರ್ಜಿ ಹಾಕಬೇಕು. ಆ ಅರ್ಜಿಯಲ್ಲಿ ‘ನಿಮಗೆ ಎಸ್ಟಾ ನಿರಾಕರಿಸಲಾಗಿದೆಯೇ’ ಎಂಬ ಪ್ರತ್ಯೇಕ ಪ್ರಶ್ನೆಯೂ ಇದೆ! ಎಸ್ಟಾ ಸೌಲಭ್ಯ ಭಾರತೀಯರಿಗೆ ಏಕಿಲ್ಲವೆಂದರೆ, ಅದಕ್ಕೆ ಅರ್ಹವಾಗಲು ಒಂದು ದೇಶದ ಅರ್ಜಿದಾರರ ವೀಸಾ ನಿರಾಕರಣೆಯ ಪ್ರಮಾಣ ಶೇಕಡ ಮೂರಕ್ಕಿಂತ ಕಡಿಮೆಯಿರಬೇಕೆಂಬುದು ಒಂದು ನಿಯಮ. ಅಂದರೆ ಒಬ್ಬರಿಗೆ ಕಾರಣ ಹೇಳದೆ ಕೊಟ್ಟ ನಿರಾಕರಣೆ ಆತನ ಹೆಸರಿನಲ್ಲಿ ಮಾತ್ರವಲ್ಲ, ಇಡೀ ದೇಶದ ಲೆಕ್ಕದಲ್ಲೂ ಜಮೆಯಾಗುತ್ತದೆ.

ಎಂಬತ್ತರ ದಶಕದಲ್ಲಿ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದಿದ ನನಗೆ ಇದರಲ್ಲಿ ಹಳೆಯ ಪಾಠವೊಂದು ಕಾಣುತ್ತದೆ. ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದ, ಮುಂದೆ 2001ರ ನೊಬೆಲ್ ಗೌರವಕ್ಕೆ ದಾರಿಯಾದ ಪ್ರಬಂಧದ ಸಾರ ಇಷ್ಟೇ: ಒಂದು ಪಕ್ಷಕ್ಕೆ ತಿಳಿದದ್ದು ಇನ್ನೊಂದು ಪಕ್ಷಕ್ಕೆ ತಿಳಿಯದಿದ್ದರೆ ಒಳ್ಳೆಯ ಸರಕೂ ಕೆಟ್ಟ ಸರಕಿನ ಬೆಲೆಗೆ ಇಳಿಯುತ್ತದೆ. ಅರ್ಜಿದಾರನ ಮನಸ್ಸಿನಲ್ಲಿರುವುದು ಅಧಿಕಾರಿಗೆ ಗೊತ್ತಾಗುವಂತಿಲ್ಲ. ಆದ್ದರಿಂದ ಅವರು ವಯಸ್ಸು, ಆದಾಯ, ವೈವಾಹಿಕ ಸ್ಥಿತಿ, ಹಿಂದಿನ ಪ್ರಯಾಣಗಳು ಎಂಬ ಹೊರಗುರುತುಗಳಿಂದ ಊಹಿಸುತ್ತಾರೆ. ಹಳೆಯ ನಿರಾಕರಣೆಯೂ ಅಂಥದೊಂದು ಗುರುತು. ವಿಚಿತ್ರವೆಂದರೆ ಈ ಗುರುತನ್ನು ಸೃಷ್ಟಿಸಿದವರು ಅವರೇ. ಮೊದಲನೆಯ ಊಹೆ ಎರಡನೆಯ ಊಹೆಗೆ ಸಾಕ್ಷ್ಯವಾಗಿಬಿಡುವ ಅಪಾಯ ಇಲ್ಲಿದೆ.

ನನ್ನ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರ ಸಂಗತಿ ಹೇಳುತ್ತೇನೆ. ಯಾವ ದೇಶವೆಂಬುದು ಇಲ್ಲಿ ಮುಖ್ಯವಲ್ಲ. ಮಗಳ ಮೊದಲ ಹೆರಿಗೆಗೆಂದು ಹೊರಟಿದ್ದರು. ಮನೆಪತ್ರ, ಪಿಂಚಣಿ ಆದೇಶ, ಠೇವಣಿ ರಸೀದಿಗಳ ದಪ್ಪ ಕಡತವನ್ನು ಒಯ್ದಿದ್ದರು. ಅದನ್ನು ಯಾರೂ ತೆರೆಯಲಿಲ್ಲ. ವೀಸಾ ಸಿಗಲಿಲ್ಲ. ‘ಏನೆಂದರು?’ ಎಂದು ಅಳಿಯ ದೂರವಾಣಿಯಲ್ಲಿ ಕೇಳಿದರೆ ಹೇಳಲು ಅವರ ಬಳಿ ಏನೂ ಇರಲಿಲ್ಲ. ನೆರೆಹೊರೆಯವರು ಮಾತ್ರ ತಾವೇ ಕಾರಣಗಳನ್ನು ಹುಡುಕಿಕೊಂಡರು: ಇಂಗ್ಲಿಷ್ ಸರಿಯಾಗಿ ಬರಲಿಲ್ಲವಂತೆ, ಲೆಕ್ಕ ತೋರಿಸಲಿಲ್ಲವಂತೆ, ಅಳಿಯನ ಕೆಲಸವೇ ಗಟ್ಟಿಯಿಲ್ಲವಂತೆ. ಆರು ವರ್ಷ ಅವರು ಆ ಮಾತೆತ್ತಲಿಲ್ಲ. ಮತ್ತೆ ಅರ್ಜಿ ಹಾಕುವಾಗ ಆ ಖಾಲಿ ಚೌಕದಲ್ಲಿ ದಿನಾಂಕ ಮತ್ತು ಸ್ಥಳವನ್ನು ನಮೂದಿಸಿ, ‘ಕಾರಣ ತಿಳಿಸಲಾಗಿಲ್ಲ’ ಎಂದಷ್ಟೇ ಬರೆದರು. ವೀಸಾ ಬಂತು. ಆ ವೇಳೆಗೆ, ಯಾರಿಗೆ ಎಣ್ಣೆ ನೀರೆರೆಯಲು ಹೊರಟಿದ್ದರೋ ಆ ಮಗು ಒಂದನೆಯ ತರಗತಿಯಲ್ಲಿ ಓದುತ್ತಿತ್ತು. ಮೊದಲ ಸಲ ಕಂಡ ದೋಷವೇನು, ಎರಡನೆಯ ಸಲ ಅದು ಹೇಗೆ ನೀಗಿತು ಎಂಬುದು ಆಕೆಗೆ ಇಂದಿಗೂ ತಿಳಿಯದು.

ಸರ್ಕಾರಿ ಸೇವೆಯ ಮೂರು ದಶಕಗಳಲ್ಲಿ ನಾನೂ ನೂರಾರು ಅರ್ಜಿಗಳನ್ನು ತಿರಸ್ಕರಿಸಿ ಸಹಿ ಮಾಡಿದವನು. ಆದರೆ ತಿರಸ್ಕಾರಕ್ಕೆ ಕಾರಣ ಬರೆಯಬೇಕೆಂಬುದು ನಮಗೆ ತರಬೇತಿಯ ಮೊದಲ ದಿನಗಳಲ್ಲೇ ಕಲಿಸಿದ ಪಾಠ; ಸಕಾರಣವಲ್ಲದ ಆದೇಶ ಮೇಲಿನವರ ಮುಂದೆ ನಿಲ್ಲುತ್ತಿರಲಿಲ್ಲ. ಈ ತತ್ತ್ವ ನಮ್ಮಲ್ಲಿ ಬೇರೂರಿದ್ದರ ಹಿಂದೆ ಪ್ರಯಾಣದ ಮೊಕದ್ದಮೆಯೇ ಇದೆಯೆಂಬುದು ಗಮನಾರ್ಹ. 1977ರ ಜುಲೈನಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ವಶಪಡಿಸಿಕೊಳ್ಳಹೊರಟಿತು. ಕಾರಣ ಕೇಳಿದಾಗ, ಸಾರ್ವಜನಿಕ ಹಿತದೃಷ್ಟಿಯಿಂದ ಹೇಳಲಾಗದೆಂದಿತು. 1978ರ ಜನವರಿ 25ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವ ಸ್ವಾತಂತ್ರ್ಯವನ್ನು ಕಸಿಯುವ ವಿಧಾನ ನ್ಯಾಯಯುತವೂ ಯುಕ್ತವೂ ಆಗಿರಬೇಕೆಂದು ಸಾರಿತು. (ಮೈಸೂರಿನ ಅಂಚೆ ಪಾಸ್‌ಪೋರ್ಟ್ ಕೇಂದ್ರ ತೆರೆದದ್ದೂ ಜನವರಿ 25ರಂದೇ ಎಂಬುದು ಆಕಸ್ಮಿಕ.) 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಕಲಂ, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತನಾದವನಿಗೆ ಕಾರಣ ತಿಳಿಸುವುದನ್ನು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯವಾಗಿಸಿದೆ. ಆಚರಣೆಯಲ್ಲಿ ಕುಂದುಗಳು ಎಷ್ಟೇ ಇರಲಿ, ನಿಯಮವಾದರೂ ಇದೆ.

ವಿದೇಶಿ ಪ್ರಜೆಗೆ ಈ ಹಕ್ಕು ಏಕಿರಬೇಕೆಂದು ಕೇಳಬಹುದು. ತನ್ನ ಗಡಿಯೊಳಗೆ ಯಾರನ್ನು ಬಿಡಬೇಕೆಂಬುದು ಪ್ರತಿ ರಾಷ್ಟ್ರದ ಸಾರ್ವಭೌಮ ಅಧಿಕಾರವೆಂಬುದರಲ್ಲಿ ಎರಡು ಮಾತಿಲ್ಲ. ಅವಧಿ ಮೀರಿ ಉಳಿಯುವವರು, ಸುಳ್ಳು ದಾಖಲೆ ತರುವವರು ನಮ್ಮಲ್ಲಿ ಇಲ್ಲವೆನ್ನಲಾಗದು. ದಿನವೊಂದಕ್ಕೆ ನೂರಾರು ಮಂದಿಯನ್ನು ಎದುರಿಸುವ ಅಧಿಕಾರಿ ಪ್ರತಿಯೊಬ್ಬರಿಗೂ ತೀರ್ಪು ಬರೆಯಲಾರರೆಂಬುದನ್ನು, ಅಂಥ ಮೇಜಿನ ಹಿಂದೆ ಕುಳಿತವನಾಗಿ ನಾನು ಬಲ್ಲೆ. ನಿರಾಕರಿಸುವ ಅಧಿಕಾರಕ್ಕೆ ನನ್ನ ಆಕ್ಷೇಪವಿಲ್ಲ. ಕಾರಣ ಹೇಳದಿರುವುದು ಒಂದು ಕಡೆ, ಅದೇ ನಿರಾಕರಣೆಯನ್ನು ಕೊನೆಯಿಲ್ಲದ ಕಾಲದವರೆಗೆ ವಿವರಿಸೆನ್ನುವುದು ಮತ್ತೊಂದು ಕಡೆ: ಇವೆರಡೂ ಒಟ್ಟಿಗೆ ಇರಬಾರದು.

ಇದು ಅಸಾಧ್ಯವಾದ ಬೇಡಿಕೆಯೇನಲ್ಲ. ಯುರೋಪಿನ ಷೆಂಗೆನ್ ದೇಶಗಳು 2009ರ ವೀಸಾ ಸಂಹಿತೆಯ ಪ್ರಕಾರ ನಿರಾಕರಣೆಯ ಕಾರಣವನ್ನು ನಿಗದಿತ ನಮೂನೆಯಲ್ಲಿ ಗುರುತು ಹಾಕಿ ಕೊಡಬೇಕು. ಮೇಲ್ಮನವಿಯ ಹಕ್ಕೂ ಉಂಟು. ಅವುಗಳ ಸಾಮಾನ್ಯ ಮಾಹಿತಿಕೋಶದಲ್ಲಿ ವೀಸಾ ಅರ್ಜಿಯ ದಾಖಲೆ ಉಳಿಯುವುದು ಹೆಚ್ಚೆಂದರೆ ಐದು ವರ್ಷ. ಅಲ್ಲೇನೂ ನಿರಾಕರಣೆ ಕಡಿಮೆಯೆಂದಲ್ಲ. 2024ರಲ್ಲಿ ಭಾರತದಿಂದ ಸಲ್ಲಿಕೆಯಾದ 11 ಲಕ್ಷಕ್ಕೂ ಅಧಿಕ ಷೆಂಗೆನ್ ಅರ್ಜಿಗಳಲ್ಲಿ ಸುಮಾರು 1.65 ಲಕ್ಷ ತಿರಸ್ಕೃತವಾದವು, ಅಂದರೆ ಸರಿಸುಮಾರು ಏಳಕ್ಕೆ ಒಂದು. ಪ್ರತಿ ವಯಸ್ಕನ ಶುಲ್ಕ ಅದೇ ವರ್ಷದ ಜೂನ್‌ನಿಂದ 90 ಯೂರೋ, ತಿರಸ್ಕಾರವಾದರೂ ಅದು ಅವರದೇ. ಗುರುತು ಹಾಕಿದ ಕಾರಣಗಳು ಎಷ್ಟೋ ಸಲ ಯಾಂತ್ರಿಕವೆಂಬ ದೂರೂ ಇದೆ. ಆದರೂ ಮುಂದಿನ ಸಲ ಯಾವ ಕೊರತೆ ತುಂಬಬೇಕೆಂಬ ಸುಳಿವಾದರೂ ಅರ್ಜಿದಾರನಿಗೆ ದೊರೆಯುತ್ತದೆ. ಬ್ರಿಟನ್ ತದ್ವಿರುದ್ಧ ದಿಕ್ಕಿನಲ್ಲಿ ನಡೆದಿದೆ. ಅದು ಕಾರಣವನ್ನು ಪತ್ರದಲ್ಲಿ ಬರೆಯುತ್ತದೆ. ಆದರೆ ಬಂಧುಗಳನ್ನು ನೋಡಲು ಹೋಗುವವರಿಗಿದ್ದ ಪೂರ್ಣ ಮೇಲ್ಮನವಿಯ ಹಕ್ಕನ್ನು 2013ರಲ್ಲಿ ತೆಗೆದುಹಾಕಿತು.

ಅನ್ಯರ ಬಾಗಿಲಲ್ಲಿ ನಿಂತು ಕಾರಣ ಕೇಳುವ ನಾವು ನಮ್ಮ ಬಾಗಿಲಲ್ಲಿ ಹೇಗೆ ನಡೆದುಕೊಳ್ಳುತ್ತೇವೆಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಭಾರತದ ವೀಸಾ ನಮೂನೆಯೂ, ಹಿಂದೆ ಭಾರತ ಪ್ರವೇಶಕ್ಕೆ ಅನುಮತಿ ನಿರಾಕರಿಸಲಾಗಿದ್ದರೆ ಯಾರು, ಯಾವಾಗ ಎಂದು ತಿಳಿಸಿರೆನ್ನುತ್ತದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸಂವಿಧಾನ ಸಮಾವೇಶಕ್ಕೆ ಆಹ್ವಾನಿಸಿದ್ದ, ಬ್ರಿಟನ್ನಿನ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು ಬೆಂಗಳೂರು ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಲಾಯಿತು. ತಮಗೆ ಯಾವ ಕಾರಣವನ್ನೂ ಕೊಡಲಿಲ್ಲವೆಂದು ಅವರು ಹೇಳಿದರು. ವಿದೇಶಿಯರ ಪ್ರವೇಶ ಸಾರ್ವಭೌಮ ನಿರ್ಧಾರವೆಂದು ವಿದೇಶಾಂಗ ಸಚಿವಾಲಯ ಉತ್ತರಿಸಿತು. ಅವರ ಅಭಿಪ್ರಾಯಗಳನ್ನು ಒಪ್ಪುವುದು ಬಿಡುವುದು ಬೇರೆಯ ಮಾತು. ಚೆನ್ನೈಯ ಕಿಂಡಿಯಲ್ಲಿ ನಮ್ಮ ಹಿರಿಯರು ಕೇಳುವ ಉತ್ತರವೂ ಇದೇ ಧಾಟಿಯದೆಂಬುದನ್ನು ಮರೆಯಬಾರದು.

ಅಮೆರಿಕದ ದೂತಾವಾಸ ಕಚೇರಿ 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡಾಗ, ಇನ್ನು ಚೆನ್ನೈಗೆ ಅಲೆಯುವ ಕಷ್ಟ ತಪ್ಪುವ ದಿನ ಬರುತ್ತದೆಂದು ಮೈಸೂರಿನವರೆಲ್ಲ ಹರ್ಷಿಸಿದೆವು. ವೀಸಾ ಸೇವೆ ಮಾತ್ರ ಅಂದೇ ಆರಂಭವಾಗಲಿಲ್ಲ. ಪ್ರಯಾಣದ ದೂರ ಕಡಿಮೆಯಾಗುವುದು ಸ್ವಾಗತಾರ್ಹವೇ. ಆದರೆ ಎರಡು ದೇಶಗಳ ನಡುವೆ ನಡೆಯುವ ಕಾನ್ಸುಲರ್ ಸಂವಾದದಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಸರದಿಯ ದಿನಗಳ ಲೆಕ್ಕದ ಜೊತೆಗೆ ಇನ್ನೆರಡು ಅಂಶಗಳನ್ನೂ ಎತ್ತಬೇಕು. ನಿರಾಕರಣೆಯ ಚೀಟಿಯಲ್ಲಿ, ಆ ವ್ಯಕ್ತಿಗೆ ಸಂಬಂಧಿಸಿದ ಕಾರಣ ಎರಡು ಸಾಲುಗಳಲ್ಲಾದರೂ ಇರಲಿ. ಸುಳ್ಳು ಅಥವಾ ಅಪರಾಧದ ಸೋಂಕಿಲ್ಲದ ನಿರಾಕರಣೆಯನ್ನು ಐದೋ ಹತ್ತೋ ವರ್ಷಗಳ ನಂತರ ಕೇಳುವುದು ನಿಲ್ಲಲಿ. ಈ ಎರಡನ್ನೂ ಭಾರತ ತನ್ನ ನಮೂನೆಯಲ್ಲಿ ಮೊದಲು ಜಾರಿಗೆ ತಂದರೆ ಕೇಳುವ ದನಿಗೆ ಹೆಚ್ಚಿನ ಬಲ ಬಂದೀತು.

ಅಲ್ಲಿಯವರೆಗೆ ಮನೆಯ ಹಿರಿಯರು ಹಳೆಯ ಪಾಸ್‌ಪೋರ್ಟುಗಳನ್ನೂ, ನಿರಾಕರಣೆಯ ಚೀಟಿಗಳನ್ನೂ ರದ್ದಿಗೆ ಹಾಕದೆ ಒಂದು ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ದಿನಾಂಕ, ಊರು, ವೀಸಾದ ಬಗೆ, ಕಲಮಿನ ಸಂಖ್ಯೆ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಇಪ್ಪತ್ತು ವರ್ಷಗಳ ನಂತರ ಮಕ್ಕಳು ಯಾವ ದೇಶದ ನಮೂನೆ ತುಂಬಿಕೊಟ್ಟರೂ ಉತ್ತರ ಒಂದೇ ಆಗಿರುತ್ತದೆ. ‘ವಿವರಿಸಿ’ ಎಂಬ ಚೌಕದಲ್ಲಿ ಊಹಿಸಿದ ಕಾರಣವನ್ನು ಬರೆಯಬೇಕಾಗಿಲ್ಲ. ಕಾರಣ ತಿಳಿಸದಿದ್ದರೆ ತಿಳಿಸಲಿಲ್ಲವೆಂದೇ ಬರೆದು, ಅಂದಿನಿಂದ ಇಂದಿಗೆ ತಮ್ಮ ಪರಿಸ್ಥಿತಿಯಲ್ಲಿ ಏನು ಬದಲಾಗಿದೆಯೆಂಬುದನ್ನು ಒಂದು ಸಾಲಿನಲ್ಲಿ ಸೇರಿಸಬಹುದು.